ಹಾರ್ನ್ ತಾತನ ಟಾನಿಕ್

ಬಸ್ಸು ಓಡಿಸುವ ಕೆಲಸ ಬಿಟ್ಟು ವರ್ಷಗಳಾದರೂ ಅವನ ಗಂಟಲು ಮಾತ್ರ ನಿವೃತ್ತಿಯಾಗಿರಲಿಲ್ಲ. ಬೀದಿಯವರು ಅವನಿಗೆ ಹಾರ್ನ್ ಎಂದೇ ಹೆಸರಿಟ್ಟಿದ್ದರು. ಹಾಲಿನವನ ಮೇಲೆ, ಪಕ್ಕದ ಮನೆಯ ನಾಯಿಯ ಮೇಲೆ, ಎಲ್ಲರ ಮೇಲೂ ಹರಿಹಾಯುತ್ತಿದ್ದ. ಅಳಿಯನನ್ನು ಕಂಡರಂತೂ ಮೈಯೆಲ್ಲ ಉರಿ. ವೈರಿಂಗ್ ಕೆಲಸದ ಆ ಮನುಷ್ಯ ಬಾಯಿಬಿಟ್ಟು ಜಗಳವನ್ನೂ ಆಡುತ್ತಿರಲಿಲ್ಲ. ಇಂಥವನ ಜೊತೆ ಒಂದೇ ಸೂರಿನಡಿ ಹೇಗಪ್ಪಾ ಬಾಳುವುದು!

ಈಗ ಜಗಳಕ್ಕೆ ದೊಡ್ಡ ಕಾರಣವೇ ಸಿಕ್ಕಿತ್ತು. ಮೊಮ್ಮಗಳಿಗೆ ವರ್ಷ ತುಂಬುವ ಮೊದಲೇ ಹೃದಯ ಕೆಟ್ಟು, ತೀರಿಹೋದ ಇನ್ನೊಂದು ಮಗುವಿನ ಹೃದಯವನ್ನು ಹಾಕಿದ್ದರು. ಮೈ ಅದನ್ನು ಹೊರಗಿನದೆಂದು ತಿರಸ್ಕರಿಸದಿರಲಿ ಎಂದು, ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಿಯನ್ನು ಅಳಿಯ ಬೆಳಿಗ್ಗೆ ಸಂಜೆ ಗಡಿಯಾರ ನೋಡಿ ಕುಡಿಸುತ್ತಿದ್ದ.

"ಶಕ್ತಿ ಬರಬೇಕಾದ ಕೂಸಿಗೆ ಶಕ್ತಿ ಇಳಿಸ್ತೀಯೇನಯ್ಯಾ? ದಿಬ್ಬ ಹತ್ತೋ ಬಸ್ಸಿಗೆ ಯಾರಾದ್ರೂ ಬ್ರೇಕ್ ಹಾಕ್ತಾರಾ?"

"ಡಾಕ್ಟ್ರು ಹೇಳಿದ್ದು, ಮಾವ."

"ಡಾಕ್ಟ್ರಂತೆ ಡಾಕ್ಟ್ರು!"

ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯೇ? ಅಂಗಡಿಗೆ ಹೋಗಿ ಅದೇ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ ಟಾನಿಕ್ ತಂದ. ಮನೆಯಲ್ಲಿ ಯಾರೂ ಇಲ್ಲದಾಗ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದು ಚಮಚ ನೆಕ್ಕಿಸಿದ. ಕೂಸು ಚಪ್ಪರಿಸಿದಾಗಲೆಲ್ಲ ಅವನ ಕಣ್ಣು ತುಂಬಿ ಬರುತ್ತಿತ್ತು.

ಕೆಲವೇ ವಾರಗಳಲ್ಲಿ ಕೂಸು ಹಾಲು ಕುಡಿಯದಾಯಿತು, ಮುಖ ಬಿಳಿಚಿಕೊಂಡಿತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಮೈ ಆ ಹೃದಯದ ಮೇಲೆ ತಿರುಗಿಬಿದ್ದಿದೆ. ಔಷಧಿ ಏನಾದ್ರೂ ತಪ್ಪಿತ್ತಾ?" ಎಂದು ಕೇಳಿದರು.

"ಇವನೇ ಮರೆತಿರ್ತಾನೆ!" ಹಾರ್ನ್ ಗುಡುಗಿದ.

ಮಗಳು ಗಂಡನ ಅಂಗಿ ಹಿಡಿದು ಜಗ್ಗಿದಳು. "ನಿಜ ಹೇಳ್ರೀ, ಮರೆತ್ರಾ?" ಅವನು ಇಲ್ಲವೆಂದು ಎಷ್ಟು ತಲೆಯಾಡಿಸಿದರೂ ಅವಳು ನಂಬಲಿಲ್ಲ.

"ಬೇರೆ ಏನಾದ್ರೂ ಕೊಟ್ರಾ? ಶಕ್ತಿಗೆ ಅಂತ ಟಾನಿಕ್ಕು ಗೀನಿಕ್ಕು?" ಡಾಕ್ಟರಮ್ಮ ಮತ್ತೆ ಕೇಳಿದರು. "ಅದರಿಂದಲೂ ಹೀಗಾಗಬಹುದು."

ಹಾರ್ನ್ ಜೇಬಿಗೆ ಕೈಹಾಕಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಇಲ್ಲೂ ಒಂದು ಚಮಚ ಕುಡಿಸೋಣವೆಂದು ತಂದಿದ್ದ, ಪುಣ್ಯಾತ್ಮ.

ಮಗಳು ಗಂಡನ ಅಂಗಿ ಬಿಟ್ಟಳು. "ನಿಮ್ಮ ಮಾತು ನಂಬಿ ಇವರನ್ನ ಕೊಲೆಗಾರನ ಹಾಗೆ ನೋಡಿದೆನಲ್ಲಪ್ಪಾ! ಇನ್ನು ನನ್ನ ಮನೆ ಹೊಸ್ತಿಲು ತುಳೀಬೇಡಿ."

ಹಾರ್ನ್ ಹಳೆಯ ಕಂಡಕ್ಟರನೊಬ್ಬನ ಕೋಣೆ ಸೇರಿಕೊಂಡ. ಚಿಕಿತ್ಸೆ ಫಲಿಸಿ ಕೂಸು ಉಳಿಯಿತು, ಮನೆಗೂ ಬಂತು. ಸುದ್ದಿ ಕಿವಿಗೆ ಬಿದ್ದದ್ದೇ ಅವನು ಎದ್ದುಬಿದ್ದು ಓಡಿಬಂದು ಮನೆಯೆದುರು ಬೀದಿಯಲ್ಲೇ ನಿಂತ. ಮಗಳು ಅವನನ್ನು ನೋಡಿದ್ದೇ ಒಳಗೆ ಹೋಗಿಬಿಟ್ಟಳು. ಅಳಿಯ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದ. ಕೂಸು ತಾತನ ಕಡೆ ಎರಡೂ ಕೈ ಚಾಚಿ ಕೇಕೆ ಹಾಕಿತು. ಹಾರ್ನ್ ಒಂದು ಹೆಜ್ಜೆ ಮುಂದಿಟ್ಟವನು ಹೊಸ್ತಿಲು ನೋಡಿ ಹಿಂದಕ್ಕೆ ಸರಿದ.

"ಮಾವ, ಒಳಗೆ..." ಎಂದು ಅಳಿಯ ಬಾಯಿ ತೆರೆದ.

"ಏಯ್, ನಿಂತ್ಕೊಂಡು ಏನಯ್ಯಾ ನೋಡ್ತೀಯ? ಬೀದಿ ಧೂಳೆಲ್ಲ ಕೂಸಿಗೆ ಬಡೀತಿದೆ. ಬಾಗಿಲು ಹಾಕ್ಕೋ!"