ಮುಂದಿನ ಕಕ್ಕಡದವರೆಗೆ

ಪಕ್ಕದ ಮನೆಯಾಕೆ ಬೆಳಿಗ್ಗೆ ಒಂದು ಬಟ್ಟಲು ಪಾಯಸ ಕೊಟ್ಟು ಹೋದರು. ಮುಚ್ಚಳ ತೆಗೆದರೆ ಅದೇ ನೇರಳೆ ಬಣ್ಣ, ಅದೇ ಮದ್ದುಸೊಪ್ಪಿನ ಘಮ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಈ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಬಂದು ಸೇರುತ್ತದೆಂದು ನಮ್ಮ ಕೊಡಗಿನವರ ನಂಬಿಕೆ. ತಿಂದವರ ಮೂತ್ರವೂ ಕೆಂಪಾಗುತ್ತದೆ. ಗೊತ್ತಿಲ್ಲದ ನೆಂಟರು ಹೆದರಿ ಡಾಕ್ಟರ ಮನೆಗೆ ಓಡಿದ್ದುಂಟು, ನಗಬೇಡಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನನ್ನಣ್ಣ ಸೋಮವಾರಪೇಟೆಯಲ್ಲಿ ದನದ ಡಾಕ್ಟರು. ಹೆತ್ತ ಮಗು ಉಳಿಯದೆ ಅತ್ತಿಗೆ ಮಂಕಾಗಿ ಮೂಲೆ ಹಿಡಿದಿದ್ದರು. ಊಟ ಬೇಡ, ಮಾತು ಬೇಡ. ಆ ವರ್ಷದ ಕಕ್ಕಡದ ಪಾಯಸವನ್ನೂ ಮುಟ್ಟಲಿಲ್ಲ. ಆ ಸೊಪ್ಪಿನಲ್ಲಿ ಮನಸ್ಸಿಗೂ ಮದ್ದಿರಬೇಕೆಂದು ಅಣ್ಣ ಅದೇ ದಿನ ಅದರ ಸಾರ ಇಳಿಸಿ, ಬೆಂಗಳೂರಿನಿಂದ ಬಿಳಿ ಇಲಿಗಳನ್ನು ತರಿಸಿದ. ಕೆಲಸವಿಲ್ಲದೆ ಅಲೆಯುತ್ತಿದ್ದ ನಾನು ಇಲಿಗಳ ಲೆಕ್ಕ ಬರೆಯುವ ರೈಟರ್ ಆದೆ!

ಮಂಕು ಬರಿಸಲೆಂದು ಸರ್ಪಗಂಧಿಯ ಮಾತ್ರೆ ಕೊಟ್ಟರೆ ಇಲಿ ಮುದುಡಿ, ರೆಪ್ಪೆ ಇಳಿಬಿಟ್ಟು, ಥೇಟು ಅತ್ತಿಗೆಯ ಹಾಗೆ ಕೂರುತ್ತಿತ್ತು. ಮೊದಲೇ ಸೊಪ್ಪಿನ ಸಾರ ಕುಡಿದವು ಮಾತ್ರ ಕಣ್ಣು ಬಿಟ್ಟುಕೊಂಡು ಓಡಾಡಿದವು. ನಾವು ಕುಣಿದಾಡಿಬಿಟ್ಟೆವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆ, "ಅದಕ್ಕೆ ಕೊಟ್ಟಿದ್ನ ನಂಗೂ ಒಂಚೂರು ಕೊಡಿ" ಎಂದರು.

"ಇನ್ನೊಂದ್ಸಲ ನೋಡ್ಬೇಕು ಕಣೇ. ಇಲಿಗೆ ಆಗಿದ್ದು ಮನುಷ್ಯರಿಗೂ ಆಗ್ಬೇಕಲ್ಲ" ಎಂದ ಅಣ್ಣ.

ಸಾರ ಮುಗಿದಿತ್ತು. ಸೊಪ್ಪೇನೋ ಬೇಲಿಯ ತುಂಬ ಇತ್ತು. "ಕಿತ್ಕಂಡು ಬರ್ಲಾ?" ಎಂದೆ. ಅಣ್ಣ ರೇಗಿದ: "ಥೂ, ಆ ದಿನ ಕಳೆದ್ಮೇಲೆ ಅದು ಬರೀ ಸೊಪ್ಪು ಕಣೋ. ಮುಂದಿನ ಕಕ್ಕಡ ಬರ್ಲಿ." ಅಷ್ಟು ಓದಿದವನು! ನನಗೂ ಅದು ಸರಿಯೆಂದೇ ಕಂಡಿತು. ಊರಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

"ಕಕ್ಕಡ ಯಾವಾಗ?" ಎಂದು ಅತ್ತಿಗೆ ಆಗಾಗ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಮಾಘದ ಚಳಿಯಲ್ಲಿ ಜ್ವರ ಬಂತು. ಉಣ್ಣದೆ ಸೊರಗಿದ್ದ ಜೀವ ತಡೆಯಲಿಲ್ಲ.

ಮುಂದಿನ ಕಕ್ಕಡ ಬಂದಾಗ ಅಣ್ಣ ಹಟ ಹಿಡಿದು ಮತ್ತೆ ಸಾರ ಇಳಿಸಿದ. "ನೋಡೋ, ಎಲ್ಲಾ ಕಣ್ಣು ಬಿಟ್ಟಿದಾವೆ" ಎಂದವನು ಇಲಿಗೂಡಿನ ಮುಂದೆ ಕುಸಿದು ಕೂತು ಅತ್ತ.

ಈಗ ಅಣ್ಣನೂ ಇಲ್ಲ. ಆ ಸಾರ ಮನುಷ್ಯರಿಗೆ ಆಗುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಹಿಂದೆಲ್ಲ ಇದು ನೆನಪಾದಾಗ ಅಣ್ಣನ ಮೇಲೆ ಸಿಟ್ಟು ಬರುತ್ತಿತ್ತು. ಇವತ್ತು ಬರಲಿಲ್ಲ. ಅತ್ತಿಗೆ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಯಾವ ದಿನದ ಸೊಪ್ಪಾದರೇನು, ಒಂದು ಲೋಟ ಕುದಿಸಿ ಕೊಟ್ಟಿದ್ದರೆ ಕುಡಿಯುತ್ತಿದ್ದರಲ್ಲ!