ಶ್ಶ್ ಮೇಡಂ ಮತ್ತು ಮೂಲೆಕುರ್ಚಿ

ನಮ್ಮ ಗ್ರಂಥಾಲಯಕ್ಕೆ ಬರುವ ಅರ್ಧಕ್ಕರ್ಧ ಜನಕ್ಕೆ ಅಲ್ಲಿನ ಗ್ರಂಥಪಾಲಕಿಯ ಹೆಸರು ಗೊತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಶ್ಶ್ ಮೇಡಂ ಎನ್ನುತ್ತಿದ್ದರು. ಯಾರಾದರೂ ಕುರ್ಚಿ ಎಳೆದರೆ, ಕೆಮ್ಮು ಸ್ವಲ್ಪ ಉದ್ದವಾದರೆ, ಪೇಪರ್ ಮಡಚುವಾಗ ಸದ್ದಾದರೆ, ಅವಳು ತಲೆಯನ್ನೂ ಎತ್ತದೆ ತುಟಿಗೆ ಬೆರಳಿಟ್ಟು ‘ಶ್ಶ್’ ಎನ್ನುತ್ತಿದ್ದಳು. ಒಮ್ಮೆ ಕಿರುಗುಟ್ಟುವ ಫ್ಯಾನಿಗೂ ಹಾಗೆ ಅಂದಳೆಂದು ಪೇಪರ್ ಓದಲು ಬರುವ ನಿವೃತ್ತರು ಹೇಳಿಕೊಂಡು ನಗುತ್ತಿದ್ದರು. ಅದು ಕಟ್ಟುಕತೆಯಲ್ಲ, ನಾನೂ ಅಲ್ಲಿದ್ದೆ.

ನನಗಿಂತ ಬಹಳ ಚಿಕ್ಕವಳು, ಆದ್ದರಿಂದ ಅವಳು ಎಂದೇ ಬರೆಯುತ್ತೇನೆ. ನಾನು ಗ್ರಂಥಾಲಯದ ಸಮಿತಿಯಲ್ಲಿ ಇದ್ದಷ್ಟು ಕಾಲ ಅವಳು ನನ್ನೊಡನೆ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪುಟ ತುಂಬಲಿಕ್ಕಿಲ್ಲ. ಮನೆಯ ಸುದ್ದಿಯೆಲ್ಲ ನನಗೆ ತಿಳಿದದ್ದು ಅವಳ ತಂಗಿಯಿಂದ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ತಂಗಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ, ನನ್ನ ಬಟ್ಟೆಯನ್ನೂ ಅವಳೇ ಹೊಲಿಯುವುದು. ಅಕ್ಕ ಉಳಿತಾಯ ಮಾಡಿದ ಮಾತನ್ನೆಲ್ಲ ತಂಗಿ ಧಾರಾಳವಾಗಿ ಖರ್ಚು ಮಾಡುತ್ತಾಳೆ.

ಸಮಿತಿಯದೊಂದು ಹಳೆಯ ನಿಯಮವಿತ್ತು. ಐದು ವರ್ಷ ಯಾರೂ ಮನೆಗೆ ಒಯ್ಯದ ಪುಸ್ತಕವನ್ನು ಕಪಾಟಿನಿಂದ ತೆಗೆದು ರದ್ದಿಗೆ ಹಾಕಬೇಕು. ಜಾಗ ಇಲ್ಲದ ಕಡೆ ಇದು ತಪ್ಪೇನಲ್ಲ. ಆದರೆ ಪ್ರತಿ ವರ್ಷ ರದ್ದಿಯ ಲಾರಿ ಬಂದ ದಿನ ಅವಳು ಊಟ ಮಾಡುತ್ತಿರಲಿಲ್ಲವಂತೆ. ಕೆಲವು ಪುಸ್ತಕಗಳನ್ನು ಉಳಿಸಲು ತಂಗಿಯ ಕಾರ್ಡಿನ ಮೇಲೆ ತಾನೇ ಮನೆಗೆ ತರುತ್ತಿದ್ದಳು. ‘ನೋಡಿ ಅಮ್ಮ, ನನ್ನ ಹೆಸರಲ್ಲಿ ಕಪ್ಪೆಗಳ ಪುಸ್ತಕ ತಂದಿದಾಳೆ. ಕಪ್ಪೆ ಕಂಡ್ರೆ ನಾನು ಮಂಚ ಹತ್ತೋಳು!’ ಎಂದು ತಂಗಿ ನನ್ನ ಅಳತೆ ತೆಗೆಯುತ್ತಾ ದೂರಿದ್ದಳು.

ಹೀಗಿರುವಾಗ ಸಮಿತಿಗೆ ಹೊಸ ಕಾರ್ಯದರ್ಶಿ ಬಂದರು. ಉತ್ಸಾಹಿ ಮನುಷ್ಯ. ‘ಲೈಬ್ರರಿ ಅಂದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳೋದು ಅನ್ನೋ ಕಾಲ ಹೋಯ್ತಮ್ಮ. ಜನ ಮಾತಾಡ್ಬೇಕು. ಇಲ್ದಿದ್ರೆ ಇದು ಗೋಡೌನ್ ಅಷ್ಟೇ,’ ಎಂದರು. ಇಂಟರ್‌ನೆಟ್ಟಿನಲ್ಲಿ ಗ್ರಂಥಾಲಯಕ್ಕೊಂದು ಪೇಜ್ ಶುರುವಾಯಿತು. ಅಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಜಾಗ. ಓದಿದವರು ಅದರ ಕೆಳಗೆ ಅಭಿಪ್ರಾಯ ಬರೆಯಬಹುದು, ಇನ್ನೊಬ್ಬರು ಅದಕ್ಕೆ ಉತ್ತರ ಕೊಡಬಹುದು, ಹೆಸರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಯಾವ ಪುಸ್ತಕದ ಕೆಳಗೆ ಮಾತುಕತೆ ನಡೆದಿದೆಯೋ ಅದನ್ನು ರದ್ದಿಗೆ ಹಾಕುವಂತಿಲ್ಲ ಎಂದೂ ತೀರ್ಮಾನವಾಯಿತು. ಯೋಚನೆ ಒಳ್ಳೆಯದೇ. ಒಂದೇ ಪುಸ್ತಕ ಓದಿದ ಇಬ್ಬರು ಒಬ್ಬರಿಗೊಬ್ಬರು ಸಿಗದೆ ಸಾಯುವುದು ಎಲ್ಲ ಗ್ರಂಥಾಲಯಗಳಲ್ಲೂ ನಡೆಯುತ್ತಲೇ ಇರುತ್ತದೆ.

ಆದರೆ ಮೊದಲ ಕೆಲವು ತಿಂಗಳು ಪೇಜಿನಲ್ಲಿ ಬಂದದ್ದು ಗುಲಾಬಿ ಹೂವಿನ ಚಿತ್ರ, ಅದರ ಮೇಲೆ ಶುಭೋದಯ. ಒಬ್ಬರು ವ್ಯಾಕರಣದ ಪುಸ್ತಕದ ಕೆಳಗೆ, ನಲ್ಲಿ ರಿಪೇರಿಯವರು ಯಾರಾದರೂ ಗೊತ್ತೇ ಎಂದು ಕೇಳಿದ್ದರು.

ಆಮೇಲೆ ಮೂಲೆಕುರ್ಚಿ ಎಂಬ ಹೆಸರಿನವರು ಕಾಣಿಸಿಕೊಂಡರು. ಯಾರೂ ಮುಟ್ಟದ ಪುಸ್ತಕಗಳ ಬಗ್ಗೆಯೇ ಅವರು ಬರೆಯುತ್ತಿದ್ದರು. ಇರುವೆಗಳ ಪುಸ್ತಕದ ಕೆಳಗೆ: ‘ಇದನ್ನು ಬರೆದವರಿಗೆ ಇರುವೆ ಕಚ್ಚಿದಂತಿಲ್ಲ. ಕಚ್ಚಿದ್ದರೆ ಇಷ್ಟು ಹೊಗಳುತ್ತಿರಲಿಲ್ಲ. ಆದರೂ ಮೂರನೆಯ ಅಧ್ಯಾಯ ಓದಿ, ನಿಮ್ಮ ಆಫೀಸು ನೆನಪಾಗುತ್ತದೆ.’ ಒಬ್ಬ ಲೈಟ್‌ಹೌಸ್ ಕಾವಲುಗಾರನ ನೆನಪುಗಳ ಕೆಳಗೆ: ‘ನೂರು ಪುಟ ಏನೂ ನಡೆಯುವುದಿಲ್ಲ. ನೂರಾ ಒಂದನೆಯ ಪುಟದಲ್ಲಿ ಇವನು ದೀಪ ಒರೆಸುತ್ತಾನೆ. ನನಗೆ ಕಣ್ಣು ತುಂಬಿತು, ಯಾಕೆಂದು ಕೇಳಬೇಡಿ.’ ನಾನೂ ಓದಿ ನಕ್ಕಿದ್ದೆ. ಯಾರೋ ನಿವೃತ್ತ ಮೇಷ್ಟರಿರಬೇಕು, ಬಾಯಿಗೆ ಬೀಗವಿಲ್ಲದ ಮನುಷ್ಯ ಎಂದುಕೊಂಡಿದ್ದೆ.

ಬರೆಯುತ್ತಿದ್ದವಳು ಶ್ಶ್ ಮೇಡಂ. ತಂಗಿಗೆ ಮಾತ್ರ ಗೊತ್ತಿತ್ತು.

ಮೂಲೆಕುರ್ಚಿಗೆ ಮೊದಲು ಉತ್ತರ ಬರೆದವರು ಬಸ್‌ಸ್ಟಾಪಿನ ಎದುರಿಗಿದ್ದ ಕನ್ನಡಕದ ಅಂಗಡಿಯವರು. ಒಂಟಿ ಮನುಷ್ಯ, ಮೃದು ಮಾತು, ಉಗುರಿನ ಸಂದಿಯಲ್ಲಿ ಸದಾ ಗಾಜಿನ ಪುಡಿ. ಸ್ವಂತ ಹೆಸರಿನಲ್ಲೇ ಬರೆದರು: ‘ಮೂಲೆಕುರ್ಚಿಯವರೇ, ನಿಮ್ಮ ಮಾತು ನಂಬಿ ಇರುವೆ ಪುಸ್ತಕ ತಂದೆ. ನನಗೆ ಆಫೀಸಿಲ್ಲ. ಆದರೆ ನೆಂಟರಿದ್ದಾರೆ, ಅವರು ನೆನಪಾದರು.’ ಅಲ್ಲಿಂದ ಶುರು. ಮೂಲೆಕುರ್ಚಿ ಹೇಳಿದ ಪುಸ್ತಕ ಅಂಗಡಿಯವರು ಒಯ್ಯುವುದು, ಅವರು ಅದರಲ್ಲಿ ತೆಗೆದ ತಪ್ಪಿಗೆ ಮೂಲೆಕುರ್ಚಿ ಜಗಳವಾಡುವುದು. ಹಿಂದಿನ ಕಪಾಟಿನ ಪುಸ್ತಕಗಳಿಗೆ ಜೀವ ಬಂತು. ಇವರಿಬ್ಬರ ಜಗಳ ಓದಿ ಇನ್ನೊಂದಷ್ಟು ಜನ ಸೇರಿಕೊಂಡರು. ಕಾರ್ಯದರ್ಶಿಗಳು ಸಭೆಯಲ್ಲಿ ಲೈಕುಗಳ ಲೆಕ್ಕ ಓದಿ ಹೇಳಿ ಬೀಗಿದರು.

ಅದೇ ಕನ್ನಡಕದ ಅಂಗಡಿಯವರು ವಾರಕ್ಕೆರಡು ಸಲ ಕೌಂಟರಿಗೆ ಬಂದು ನಿಲ್ಲುತ್ತಿದ್ದರು. ಅವಳು ಪುಸ್ತಕ ತೆಗೆದುಕೊಂಡು ಸೀಲು ಒತ್ತಿ ಕೊಡುತ್ತಿದ್ದಳು. ಅವರು ‘ಚೆನ್ನಾಗಿದೀರಾ ಮೇಡಂ?’ ಎಂದರೆ ತಲೆಯಾಡಿಸುತ್ತಿದ್ದಳು. ಅಷ್ಟೇ.

‘ಅಲ್ಲಿ ಹರಟೆ ಮಲ್ಲಿ, ಇಲ್ಲಿ ಮೂಗಿ. ಏನಕ್ಕಾ ನಿನ್ನ ಕತೆ?’ ಎಂದು ತಂಗಿ ಕೇಳಿದಳು.

‘ಕೌಂಟರಲ್ಲಿ ಮಾತಾಡೋ ಹಾಗಿಲ್ಲ.’

‘ಕೌಂಟರ್ ಬಿಟ್ಟು ಈಚೆ ಬಾ ಹಾಗಾದ್ರೆ. ಅವರ ಅಂಗಡಿ ನಮ್ಮ ದಾರೀಲೇ ಇದೆ.’

‘ಹೋಗಿ ಏನನ್ನಲಿ? ನಾನೇ ಆ ಗಡ್ಡದ ಮುದುಕ ಅನ್ನಲಾ?’

ಗಡ್ಡದ ಮುದುಕ ಹುಟ್ಟಿದ್ದು ಹೀಗೆ. ಒಂದು ದಿನ ಅಂಗಡಿಯವರು, ಒಮ್ಮೆ ಸಿಗೋಣ, ಟೀ ಕುಡಿಯೋಣ ಎಂದು ಬರೆದರು. ಅವಳು ಹೆದರಿ, ‘ನಾನು ಗಡ್ಡ ಬಿಟ್ಟ ಮುದುಕ, ಮಂಡಿನೋವು, ಮನೆ ಬಿಟ್ಟು ಹೊರಡುವುದಿಲ್ಲ,’ ಎಂದು ಉತ್ತರ ಕೊಟ್ಟಿದ್ದಳು. ಬರೆಯುವವಳು ಗ್ರಂಥಪಾಲಕಿಯೇ ಎಂದು ಸಮಿತಿಗೆ ತಿಳಿದರೆ ಆ ಮಾತುಕತೆ ಲೆಕ್ಕಕ್ಕೆ ಬಾರದೆ ಪುಸ್ತಕಗಳು ರದ್ದಿಗೆ ಹೋಗುತ್ತವೆ ಎಂಬುದು ತಂಗಿಗೆ ಹೇಳುತ್ತಿದ್ದ ಕಾರಣ. ಇದ್ದದ್ದು ಬೇರೆ. ಅಂಗಡಿಯವರಿಗೆ ಇಷ್ಟವಾಗಿದ್ದು ಮೂಲೆಕುರ್ಚಿ, ತಾನಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ಸಂಕೋಚವನ್ನು ಸದ್ಗುಣ ಎಂದು ಕರೆಯುವ ಅಭ್ಯಾಸ ನನಗಿಲ್ಲ. ಬಹಳ ಸಲ ಅದು ಎದುರಿನವರ ಮೇಲೆ ಹೊರೆ ಹೊರಿಸಿ ತಾನು ಹಗುರಾಗುವ ಉಪಾಯ.

ಒಮ್ಮೆ ಮೂಲೆಕುರ್ಚಿ ಯಾವುದೋ ಪುಸ್ತಕದ ಸಣ್ಣ ಅಕ್ಷರವನ್ನು ಬೈದಿತ್ತು. ಅಂಗಡಿಯವರು ಬರೆದರು: ‘ನಿಮ್ಮ ಕನ್ನಡಕದ ನಂಬರ್ ಹೇಳಿ. ಓದುವುದಕ್ಕೆ ಒಂದು ಮಾಡಿ ಲೈಬ್ರರಿ ಮೇಡಂ ಕೈಯಲ್ಲಿ ಕೊಟ್ಟಿರುತ್ತೇನೆ.’ ಅವಳ ಎರಡು ಕಣ್ಣಿಗೆ ಬಹಳ ವ್ಯತ್ಯಾಸ. ಎಡಗಣ್ಣಿನ ಗಾಜು ತೆಳು, ಬಲಗಣ್ಣಿನದು ಬಾಟಲಿಯ ತಳದಷ್ಟು ದಪ್ಪ. ಅದೇ ನಂಬರನ್ನು ಬರೆದು ಕಳಿಸಿದಳು. ಗಡ್ಡ, ಮಂಡಿನೋವು, ಮುಪ್ಪು ಎಲ್ಲವನ್ನೂ ಹೊಸೆದವಳಿಗೆ ಒಂದು ತಪ್ಪು ಅಂಕಿ ಬರೆಯಲು ಕೈ ಬರಲಿಲ್ಲ. ಜೀವಮಾನವೆಲ್ಲ ಪುಸ್ತಕದ ಬೆನ್ನಿಗೆ ಸರಿಯಾದ ನಂಬರ್ ಅಂಟಿಸಿದವರು ಮಾತ್ರ ಇಂಥ ತಪ್ಪು ಮಾಡಬಲ್ಲರು.

‘ಅಯ್ಯೋ ಪುಣ್ಯಾತ್ಗಿತ್ತಿ, ನಿನ್ನ ಕನ್ನಡಕ ಮಾಡಿಕೊಟ್ಟಿದ್ದೂ ಅವರೇ ಅಲ್ವಾ?’ ಎಂದಳು ತಂಗಿ.

‘ಅದಾಗಿ ಎಷ್ಟೋ ವರ್ಷ ಆಯ್ತು. ದಿನಾ ಎಷ್ಟು ಜನರ ಕಣ್ಣು ನೋಡ್ತಾರೆ. ನಂದೇನು ನೆನಪಿರುತ್ತೆ?’

‘ಯಾವ ಪುಸ್ತಕ ಯಾವ ಕಪಾಟಲ್ಲಿದೆ ಅಂತ ನಿನಗೆ ನೆನಪಿರಲ್ವಾ?’

ಕನ್ನಡಕ ಬಂತು. ಕಂದು ಡಬ್ಬಿಯೊಳಗೆ ಮೆತ್ತನೆಯ ಬಟ್ಟೆ ಸುತ್ತಿ ತಂದಿದ್ದರು. ‘ಮೂಲೆಕುರ್ಚಿಯವರಿಗೆ ತಲುಪಿಸ್ತೀರಾ ಮೇಡಂ? ನಿಮಗೆ ಅವರ ಪರಿಚಯ ಇದೆಯಾ?’

‘ಓದುಗರ ವಿವರ ಯಾರಿಗೂ ಹೇಳೋ ಹಾಗಿಲ್ಲ. ನಿಯಮ,’ ಎಂದಳು ಅವಳು.

ಅದು ನಿಜವಾದ ನಿಯಮ. ಯಾರು ಏನು ಓದುತ್ತಾರೆಂಬುದನ್ನು ಮೂರನೆಯವರಿಗೆ ಹೇಳಬಾರದು, ಗೌರವಸ್ಥ ಗ್ರಂಥಾಲಯಗಳಲ್ಲೆಲ್ಲ ಇದೆ. ಒಳ್ಳೆಯ ನಿಯಮದ ಹಿಂದೆ ಬಚ್ಚಿಟ್ಟುಕೊಂಡವರನ್ನು ಎಳೆದು ತರುವುದು ಕಷ್ಟ.

ಆಮೇಲೆ ಅವರು ಆಗಾಗ ಕೇಳುತ್ತಿದ್ದರು. ‘ಕನ್ನಡಕ ಸರಿಯಾಯ್ತಂತಾ ಮೇಡಂ? ಮೂಗಿನ ಹತ್ರ ಒತ್ತುತ್ತಂತಾ?’ ಅವಳು, ‘ಸರಿಯಾಗಿದೆಯಂತೆ,’ ಎನ್ನುತ್ತಿದ್ದಳು. ಅವರು ಒಂದು ಗಳಿಗೆ ನಿಂತಿರುತ್ತಿದ್ದರು, ಚಿಲ್ಲರೆ ವಾಪಸು ಬರಬೇಕಾದವರ ಹಾಗೆ. ಆಮೇಲೆ ಹೊರಡುತ್ತಿದ್ದರು. ಹೀಗೆ ಎರಡು ವರ್ಷ ಕಳೆಯಿತು.

ಒಂದು ದಿನ ಅವರ ಕೈ ನಡುಗುವುದನ್ನು ತಾನು ಕಂಡೆನೆಂದು ಅವಳೇ ತಂಗಿಗೆ ಹೇಳಿದಳು. ಗಾಜು ತಿದ್ದುವವರ ಕೈ ನಡುಗಿದರೆ ಮುಗಿಯಿತು. ಸ್ವಲ್ಪ ದಿನಕ್ಕೆ ಪೇಜಿನಲ್ಲಿ ಬರೆದರು: ‘ಅಂಗಡಿ ಮುಚ್ಚುತ್ತಿದ್ದೇನೆ. ದೂರದ ಊರಿನಲ್ಲಿರುವ ಅಕ್ಕನ ಮನೆಗೆ ಹೋಗುತ್ತೇನೆ. ಬರುವ ಶನಿವಾರ ಪುಸ್ತಕ ವಾಪಸು ಕೊಡಲು ಬರುತ್ತೇನೆ. ಮೂಲೆಕುರ್ಚಿಯವರೇ, ಮಂಡಿನೋವು ಕಡಿಮೆಯಾಗಿದ್ದರೆ ಅವತ್ತೊಂದು ದಿನ ಬನ್ನಿ.’

ಶನಿವಾರ ಬೆಳಿಗ್ಗೆ ತಂಗಿ ಅವಳನ್ನು ಬಾಗಿಲಲ್ಲಿ ಅಡ್ಡಗಟ್ಟಿದಳು. ‘ಇವತ್ತು ಹೇಳ್ದೆ ಬಂದ್ರೆ ನಿನಗೆ ಅನ್ನ ಹಾಕಲ್ಲ.’

‘ಹೇಳ್ತೀನಿ ಬಿಡೇ.’

ಹೇಳುವ ಮನಸ್ಸು ಅವಳಿಗೆ ಇತ್ತು. ಆ ಕಂದು ಡಬ್ಬಿಯ ಕನ್ನಡಕವನ್ನೇ ಹಾಕಿಕೊಂಡು ಕೌಂಟರಿನಲ್ಲಿ ಕೂತಿದ್ದಳು. ಅವತ್ತು ನಾನೂ ಸಾಲಿನಲ್ಲಿದ್ದೆ, ಅವರ ಹಿಂದೆಯೇ. ಅವರು ಪುಸ್ತಕಗಳನ್ನು ಇಟ್ಟರು. ಅವಳು ಒಂದೊಂದೇ ತೆರೆದು ಸೀಲು ಒತ್ತಿದಳು. ಒತ್ತಿದ್ದಕ್ಕೇ ಮತ್ತೊಮ್ಮೆ ಒತ್ತಿದಳು.

ಅವರೇ ಶುರು ಮಾಡಿದರು. ‘ಆ ಕಣ್ಣು ಈ ಊರಲ್ಲಿ ಇನ್ನೊಬ್ಬರಿಗಿಲ್ಲ ಮೇಡಂ. ನಂಬರ್ ನೋಡಿದ ದಿನಾನೇ ಗೊತ್ತಾಯ್ತು. ನೀವಾಗೇ ಹೇಳಲಿ ಅಂತ ಕಾದೆ. ಸಿಟ್ಟೇನಿಲ್ಲ. ಆದ್ರೆ ಇಷ್ಟು ದಿನ ಇಲ್ಲೇ ಎದುರಿಗೆ ನಿಂತಿದ್ನಲ್ಲ…’ ಅವರ ದನಿ ತಾನಾಗಿ ಏರಿತು. ‘ಒಂದೇ ಒಂದು ಮಾತು ಆಡಬಾರದಿತ್ತಾ?’

ಪೇಪರ್ ಓದುವವರೆಲ್ಲ ತಿರುಗಿ ನೋಡಿದರು. ಅವಳ ಬೆರಳು ತುಟಿಗೆ ಹೋಯಿತು.

‘ಶ್ಶ್,’ ಎಂದಳು.

ಬೇಕೆಂದು ಅಂದದ್ದಲ್ಲ, ಅವಳ ಮುಖ ನೋಡಿದ ನನಗೆ ಗೊತ್ತು. ಅಂದ ತಕ್ಷಣ ಅವಳ ಕೈ ಅಲ್ಲೇ ನಿಂತುಬಿಟ್ಟಿತು. ಅವರು ‘ಸರಿ ಮೇಡಂ,’ ಎಂದು ಪಿಸುಗುಟ್ಟಿ, ಸದಸ್ಯತ್ವದ ಕಾರ್ಡನ್ನು ಪುಸ್ತಕಗಳ ಮೇಲಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಟುಹೋದರು. ಅವಳು ಎದ್ದು ಕೌಂಟರಿನ ಆಚೆ ಬಂದು ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಅಂಗಡಿಯ ಬಾಗಿಲು ಆಗಲೇ ಎಳೆದಿತ್ತು.

ಸಂಜೆ ಇರುವೆ ಪುಸ್ತಕದ ಕೆಳಗೆ, ಮೊದಲ ಸಲ ತನ್ನದೇ ಹೆಸರಿನಲ್ಲಿ ಬರೆದಳು: ‘ಹೌದು, ನಾನೇ. ಒಮ್ಮೆ ಬನ್ನಿ.’ ಉತ್ತರ ಬರಲಿಲ್ಲ. ಅವರು ಪೇಜ್ ನೋಡುವುದನ್ನೇ ಬಿಟ್ಟಿದ್ದಿರಬಹುದು.

‘ಕಾರ್ಡಲ್ಲಿ ಫೋನ್ ನಂಬರ್ ಇರುತ್ತಲ್ಲಕ್ಕಾ, ಮಾಡು,’ ಎಂದಳು ತಂಗಿ.

‘ಓದುಗರ ವಿವರಾನ ಸ್ವಂತಕ್ಕೆ ಬಳಸೋ ಹಾಗಿಲ್ಲ.’

‘ನಿನ್ನ ನಿಯಮಕ್ಕಿಷ್ಟು ಬೆಂಕಿ ಬೀಳ!’

ಒಂದು ತಿಂಗಳು ಕಾದು ಅವಳು ಮೂಲೆಕುರ್ಚಿಯ ಖಾತೆಯನ್ನು ಅಳಿಸಿಹಾಕಿದಳು. ಖಾತೆ ಹೋದಾಗ ಅದು ಬರೆದದ್ದೆಲ್ಲ ಹೋಯಿತು, ಅದಕ್ಕೆ ಬಂದ ಉತ್ತರಗಳೂ ಜೊತೆಗೆ ಹೋದವು. ಹೀಗಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಅಂಗಡಿಯವರು ಮನೆಗೆ ಒಯ್ದು ಓದಿದ್ದ ಪುಸ್ತಕಗಳು ಐದು ವರ್ಷದ ಲೆಕ್ಕದಲ್ಲಿ ಸದ್ಯಕ್ಕೆ ಉಳಿದಿವೆ. ಅವರು ಮುಟ್ಟದೆ ಬಿಟ್ಟವು, ಕೆಳಗೆ ಮಾತುಕತೆಯೂ ಉಳಿಯದೆ, ವರ್ಷದ ಕೊನೆಯಲ್ಲಿ ಲಾರಿ ಹತ್ತಿದವು. ಲೈಟ್‌ಹೌಸ್ ಕಾವಲುಗಾರನೂ ಅದರಲ್ಲಿದ್ದ.

ಅವಳು ಈಗಲೂ ಅದೇ ಕೌಂಟರಿನಲ್ಲಿದ್ದಾಳೆ, ಅದೇ ಕನ್ನಡಕ. ಬಂದವರನ್ನು ಚೆನ್ನಾಗಿದೀರಾ ಎಂದು ತಾನಾಗಿಯೇ ಕೇಳುತ್ತಾಳೆ. ಅವರು ಗಾಬರಿಯಾಗುತ್ತಾರೆ. ಯಾರಿಗೂ ಶ್ಶ್ ಎನ್ನುವುದಿಲ್ಲ. ವಾಚನಾಲಯದಲ್ಲಿ ಗಲಾಟೆ ಜಾಸ್ತಿಯಾಗಿದೆ, ಮೇಡಂ ಏನೂ ಹೇಳುವುದಿಲ್ಲ ಎಂದು ಕಳೆದ ವಾರ ಪೇಜಿನಲ್ಲಿ ಒಬ್ಬರು ದೂರು ಬರೆದಿದ್ದಾರೆ.