ಮೂರನೆಯ ನಿಲುಗಡೆ, ಹನ್ನೊಂದು ಹೆಜ್ಜೆ

ಭಾನುವಾರ ಬೆಳಿಗ್ಗೆ 7.40ಕ್ಕೆ ಸೊರಬದಿಂದ ಹೊರಟೆ. ಮೋಡವಿತ್ತು, ಮಳೆ ಇರಲಿಲ್ಲ. ಚೀಲದಲ್ಲಿ ನೀರಿನ ಬಾಟಲಿ, ಎರಡು ಬನ್ನು, ದಿನಚರಿ. ಫೋನಿನಲ್ಲಿ ನಲವತ್ತೆರಡು ನಿಮಿಷದ ಧ್ವನಿಮುದ್ರಣ.

ಅದು ನಮ್ಮ ಆಲ್ಬಂ. ಹಿಂದಿನ ತಿಂಗಳು ಸೊರಬದ ಖಾಲಿ ಗೋದಾಮೊಂದರಲ್ಲಿ ಇಪ್ಪತ್ತಮೂರು ಜನರನ್ನು ಸೇರಿಸಿ ಮುದ್ರಿಸಿದ್ದೆವು. ಕುಬಟೂರಿನ ಡೊಳ್ಳಿನವರು ಒಂಬತ್ತು ಜನ, ಶಿಕಾರಿಪುರದ ಮದುವೆ ಬ್ಯಾಂಡಿನವರು ಹದಿನಾಲ್ಕು. ರಾಗವನ್ನಾಗಲಿ ತಾಳವನ್ನಾಗಲಿ ಗೊತ್ತುಮಾಡಿರಲಿಲ್ಲ. ಮುಂದೆ ನಿಂತು ಕೈ ಬೀಸುವವರೂ ಇರಲಿಲ್ಲ. ಪಕ್ಕದವರನ್ನು ಕೇಳಿಸಿಕೊಳ್ಳುತ್ತ ಆ ಕ್ಷಣ ತೋಚಿದ್ದನ್ನು ನುಡಿಸಬೇಕು, ಅಷ್ಟೇ. ಇದಕ್ಕೆ ಫ್ರೀ ಜಾಝ್ ಅನ್ನುತ್ತಾರೆ ಎಂದಾಗ ಬ್ಯಾಂಡ್ ಮಾಸ್ತರ್ ಖಾದರ್ ಸಾಬ್, "ನಾವು ಸಂತಿ ಗದ್ಲ ಅಂತೀವಿ" ಎಂದಿದ್ದರು.

ತೊಂದರೆ ಇಷ್ಟು: ಮುದ್ರಣದಲ್ಲಿ ಮೂರು ಕಡೆ ಇಪ್ಪತ್ತಮೂರು ಜನವೂ ಒಟ್ಟಿಗೆ ನಿಲ್ಲುತ್ತಾರೆ, ಒಟ್ಟಿಗೆ ಮತ್ತೆ ಶುರುಮಾಡುತ್ತಾರೆ. ನಾನು ಅಲ್ಲೇ ಇದ್ದೆ. ಹಾಗೆ ನಿಂತದ್ದು ನನಗೆ ನೆನಪಿಲ್ಲ. ಮಿಕ್ಸಿಂಗ್ ಮಾಡುವ ಗೆಳೆಯ ಯಂತ್ರದ ದೋಷವೆಂದು ಮೂರನ್ನೂ ಕತ್ತರಿಸಲು ಹೊರಟಿದ್ದ. ಸೋಮವಾರದವರೆಗೆ ತಡೆ ಎಂದಿದ್ದೆ. ಯಂತ್ರವೇ ನಿಂತಿದ್ದರೆ ಆ ಮೌನದಲ್ಲಿ ಬೂಟಿನ ಸದ್ದು ಯಾಕೆ ಕೇಳಬೇಕು? ಎಣಿಸಿದ್ದೆ: ಮೊದಲನೆಯದರಲ್ಲಿ ಮೂವತ್ತು ಹೆಜ್ಜೆ, ಎರಡನೆಯದರಲ್ಲಿ ನಲವತ್ತಾರು, ಮೂರನೆಯದರಲ್ಲಿ ಹನ್ನೊಂದು.

ಒಂಬತ್ತೂಕಾಲಿಗೆ ಕುಬಟೂರು. ಡೊಳ್ಳಿನ ಬೀರಪ್ಪ ಕೊಟ್ಟಿಗೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಫೋನಿನಲ್ಲಿ ಆ ಮೂರೂ ಜಾಗ ಕೇಳಿದರು, ಎರಡನೆಯ ಸಲವೂ ಕೇಳಿದರು.

"ನಾವು ನಿಲ್ಸೇ ಇಲ್ಲ ಕಣ್ರಿ. ಕೈ ನಿಂತಿದ್ರೆ ಮೈಗೆ ಗೊತ್ತಾಗಲ್ವಾ?"

ಉಳಿದ ಡೊಳ್ಳಿನವರಿಗೂ ಕೇಳಿಸಿದರು. ನಿಲ್ಲಿಸಿದೆ ಎಂದವರು ಸೊನ್ನೆ. ಅವರ ಮನೆಯ ಮಜ್ಜಿಗೆ ಕುಡಿದು ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ ಬದಲಿಸುವ ಮುಂಚೆ ಮಂಡಕ್ಕಿ, ಮಿರ್ಚಿ ತಿಂದೆ. ಶಿಕಾರಿಪುರ ತಲುಪಿದಾಗ ಒಂದೂವರೆ; ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು.

ಖಾದರ್ ಸಾಬ್ ಬ್ಯಾಂಡಿನ ಅಂಗಡಿಯಲ್ಲಿ ಕ್ಲಾರಿನೆಟ್ಟಿನ ಕೀಲುಗಳಿಗೆ ಎಣ್ಣೆ ಹಾಕುತ್ತಿದ್ದರು. ಮೊದಲ ಮೌನ ಕೇಳಿದ್ದೇ ನಕ್ಕರು. "ಕೇಳು ಬೇಟಿ, ಇದು ಮಸೀದಿ. ಮುಂದಿನದು ಆಸ್ಪತ್ರೆ. ನಾವು ಕೂತಿದ್ರೂ ಕಾಲು ಮೆರವಣಿಗ್ಯಾಗೇ ಇರ್ತಾವ." ಮೆರವಣಿಗೆಯಲ್ಲಿ ಎಲ್ಲೆಲ್ಲಿ ವಾದ್ಯ ನಿಲ್ಲಿಸಬೇಕೋ ಅಲ್ಲಿ ಉಸಿರು ತಾನಾಗಿ ನಿಲ್ಲುತ್ತದೆ, ಹೆಜ್ಜೆ ನಿಲ್ಲುವುದಿಲ್ಲ ಎಂದು ವಿವರಿಸಿದರು. ಈ ಬೀದಿಯಲ್ಲಿ ಎಂದೂ ನಡೆಯದ ಕುಬಟೂರಿನವರು ಹೇಗೆ ನಿಂತರು ಎಂದು ಕೇಳಿದ್ದಕ್ಕೆ ಇನ್ನೊಂದು ಕೀಲಿಗೆ ಎಣ್ಣೆ ಬಿಟ್ಟರು. ಮೂರನೆಯದರ ಬಗ್ಗೆ ಕೇಳಿದೆ. ಸಾವಾದ ಮನೆಯ ಮುಂದೆಯೂ ವರ್ಷ ತುಂಬುವವರೆಗೆ ನಿಲ್ಲಿಸುತ್ತೇವೆ, ಆದರೆ ಈಗ ದಾರಿಯಲ್ಲಿ ಅಂಥ ಮನೆ ಯಾವುದೂ ಇಲ್ಲವಲ್ಲ ಎಂದರು.

ನಡೆದೇ ನೋಡೋಣವೆಂದು ಫೋನಿನಲ್ಲಿ ಮುದ್ರಣ ಹಚ್ಚಿಕೊಂಡು ಅಂಗಡಿಯಿಂದ ಬ್ಯಾಂಡಿನ ನಡಿಗೆಯಲ್ಲಿ ಹೊರಟೆವು. ಮಸೀದಿಯ ಗೋಡೆ ಮೊದಲಾದ ಕಡೆ ಫೋನು ಸುಮ್ಮನಾಯಿತು. ಗೋಡೆ ಮುಗಿದ ಕಡೆ ಡೊಳ್ಳು ಎದ್ದಿತು. ಆಸ್ಪತ್ರೆಯ ಕಾಂಪೌಂಡಿನಲ್ಲೂ ಹಾಗೆಯೇ. ಅಲ್ಲಿಯವರೆಗೆ ಖಾದರ್ ಸಾಬ್ ತಮಾಷೆ ಮಾಡುತ್ತಿದ್ದರು. ಕಲ್ಯಾಣ ಮಂಟಪದ ದಾರಿಗೆ ತಿರುಗಿ ಎರಡು ಓಣಿ ದಾಟಿದ ಮೇಲೆ ಮೂರನೆಯ ಮೌನ ಬಂತು. ಹಸಿರು ಬಾಗಿಲಿನ ಮನೆಯೊಂದರ ಈ ಮೂಲೆಯಿಂದ ಆ ಮೂಲೆಗೆ ಸರಿಯಾಗಿ ಹನ್ನೊಂದು ಹೆಜ್ಜೆ.

ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಹೆಂಗಸು ತಲೆಯೆತ್ತಿದರು. "ಏನ್ರೀ, ಸ್ವಂತ ಮನಿ ಗುರುತು ಸಿಗವಲ್ದೇನು? ಒಳಗ ಬರ್ರಿ."

ಅವರು ಖಾದರ್ ಸಾಬರ ಹೆಂಡತಿ ಜೈಬುನ್ನಿಸಾ. ಆಕೆ ಚಹಾ ಇಡಲು ಒಳಹೋದ ಮೇಲೆ ಖಾದರ್ ಸಾಬ್ ನನ್ನ ಫೋನು ಆರಿಸಿದರು.

"ಮನ್ಯಾಗ ಇರೋರು ಇಬ್ರೇ, ಬೇಟಿ. ಯಾರ ಸಲುವಾಗಿ ನಿಂತೀವಿ?"

ಆ ಮೂರನೆಯದನ್ನು ಕತ್ತರಿಸಲೇ ಎಂದು ಕೇಳಿದೆ. ಕತ್ತರಿಸಿದರೆ ಓಣಿ ಗಿಡ್ಡವಾಗುವುದಿಲ್ಲ ಎಂದರು. ಸಂಜೆ ಇದೇ ದಾರಿಯಲ್ಲಿ ಮದುವೆಯ ಮೆರವಣಿಗೆ ಇದೆ, ನಿಂತು ನೋಡಿ ಹೋಗು ಎಂದರು. ಆಕೆಗೆ ಹೇಳಬೇಡ ಎಂದೂ ಸೇರಿಸಿದರು. ಚಹಾಕ್ಕೆ ಶುಂಠಿ ಹೆಚ್ಚಾಗಿತ್ತು.

5.20ಕ್ಕೆ ಬ್ಯಾಂಡು ಓಣಿಗೆ ಬಂತು. ನಾನು ಎದುರಿನ ಗೋಡೆಗೆ ಒರಗಿ ಫೋನಿನಲ್ಲಿ ಮುದ್ರಿಸುತ್ತಿದ್ದೆ. ಮನೆಯ ಮೊದಲ ಮೂಲೆಗೆ ಬರುತ್ತಲೇ ಹದಿಮೂರು ಜನ ನಿಲ್ಲಿಸಿದರು. ಯಾರೂ ಯಾರನ್ನೂ ನೋಡಲಿಲ್ಲ; ತುಟಿಗೆ ಹಚ್ಚಿದ ವಾದ್ಯ ಹಚ್ಚಿದಂತೆಯೇ ಇತ್ತು, ಕೆನ್ನೆಗಳು ಉಬ್ಬಿಯೇ ಇದ್ದವು. ಖಾದರ್ ಸಾಬ್ ಮಾತ್ರ ನುಡಿಸಿದರು. ಮದುವೆಯ ಹಾಡಲ್ಲ, ಯಾವ ಹಾಡೂ ಅಲ್ಲ; ಎಲ್ಲೂ ಉಸಿರು ಕಡಿಯದ ಒಂದೇ ಎಳೆ, ಹನ್ನೊಂದು ಹೆಜ್ಜೆಯ ಉದ್ದಕ್ಕೂ. ಹನ್ನೆರಡನೆಯದಕ್ಕೆ ಉಳಿದವರು ಏನೂ ಆಗಿಲ್ಲವೆಂಬಂತೆ ಕೂಡಿಕೊಂಡರು.

ಅಲ್ಲೇ ನಿಂತು ಗೆಳೆಯನಿಗೆ ಅದನ್ನು ಕಳಿಸಿದೆ: ಏನನ್ನೂ ಕತ್ತರಿಸಬೇಡ, ಮೂರನೆಯ ಕಡೆ ಇದನ್ನು ಇಡು.

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಜೈಬುನ್ನಿಸಾ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬ್ಯಾಂಡ್ ಮಾಸ್ತರರ ಹೆಂಡತಿ, ವಾದ್ಯ ಎಲ್ಲೆಲ್ಲಿ, ಯಾಕೆ ನಿಲ್ಲುತ್ತದೆಂದು ತಿಳಿಯದವರಲ್ಲ; ತಮ್ಮ ಮನೆಯ ಮುಂದೆ ಒಂದೇ ಕ್ಲಾರಿನೆಟ್ಟು ಉಳಿದದ್ದು ಅವರಿಗೂ ಕೇಳಿಸಿರಬೇಕು. ದೂರವಾಗುತ್ತಿದ್ದ ಗಂಡನನ್ನು ಅವರು ನೋಡುತ್ತಿರಲಿಲ್ಲ. ಕುತ್ತಿಗೆ ಹೊರಳಿಸಿ ಮನೆಯ ಒಳಗೆ ನೋಡುತ್ತಿದ್ದರು.